ಡಾಕ್ಟರ ಎರಡು ಹನಿ

ನಮ್ಮ ಮಾವ ಟಾಕೀಸಿನಲ್ಲಿ ಫಿಲ್ಮು ಸುತ್ತುವ ತಟ್ಟೆಯ ಕಾಯಿಲೆಯನ್ನು ಬರೀ ಕಿವಿಯಿಂದ ಪತ್ತೆ ಮಾಡಿದ ಕಥೆಯನ್ನು ಬೀದಿಯಲ್ಲಿ ಕೇಳದವರಿಲ್ಲ. ಕ್ಷೌರದ ಅಂಗಡಿಯವನು ಕೇಳಿದ್ದಾನೆ, ಇಸ್ತ್ರಿ ಮಾಡುವವನು ಕೇಳಿದ್ದಾನೆ, ಕಣ್ಣಾಸ್ಪತ್ರೆಯ ನರ್ಸು ಎರಡೆರಡು ಸಲ ಕೇಳಿದ್ದಾಳೆ. ಅವರು ಹೇಳುವಷ್ಟು ಹೊತ್ತೂ ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಕಥೆಯ ಮೊದಲ ಮುಕ್ಕಾಲು ಭಾಗವನ್ನು ಬಿಟ್ಟು ಹೇಳುತ್ತಾರೆ, ಅಷ್ಟೆ. ಆ ಮುಕ್ಕಾಲು ಭಾಗವನ್ನು ನಾನಾದರೂ ಬರೆದಿಡದಿದ್ದರೆ ನನಗೆ ಹೊಟ್ಟೆಯುಬ್ಬರ ಇಳಿಯುವುದಿಲ್ಲ.

ಟಾಕೀಸಿನಲ್ಲಿ ಅವರಿಗೆ ಡಾಕ್ಟರು ಅಂತಲೇ ಹೆಸರು. ಓಡುವ ಯಂತ್ರದ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಆಗ ಯಾರೂ ಕೆಮ್ಮುವ ಹಾಗಿಲ್ಲ. ಮ್ಯಾನೇಜರು ಕೂಡ ಬಾಯಲ್ಲಿನ ಬೆಂಕಿಕಡ್ಡಿಯನ್ನು ಅಗಿಯುವುದು ನಿಲ್ಲಿಸುತ್ತಾರೆ. ಅರ್ಧ ನಿಮಿಷದ ಮೇಲೆ ಮಾವ ಕಣ್ಣು ತೆರೆದು, "ಎಡಗಡೆ ಬೇರಿಂಗು," ಅನ್ನುತ್ತಾರೆ. ಬಿಚ್ಚಿ ನೋಡಿದರೆ ಎಡಗಡೆ ಬೇರಿಂಗೇ. ಮೂವತ್ತೆಂಟು ವರ್ಷದಲ್ಲಿ ಆ ಕಿವಿ ತಪ್ಪಿದ್ದಿಲ್ಲ, ಇದನ್ನು ನಾನು ಒಪ್ಪಿಕೊಳ್ಳಬೇಕು.

ಅವರ ಇನ್ನೊಂದು ಕೈಯಲ್ಲಿ ಸದಾ ಒಂದು ಉದ್ದ ಮೂತಿಯ ಎಣ್ಣೆ ಡಬ್ಬಿ. ಹಿಂದೆ ಎರಡು ಪ್ರೊಜೆಕ್ಟರುಗಳಿಟ್ಟುಕೊಂಡು, ಇಪ್ಪತ್ತು ನಿಮಿಷಕ್ಕೊಂದು ರೀಲು ಬದಲಿಸುತ್ತಿದ್ದ ಕಾಲದಲ್ಲಿ, ಹಲ್ಲುಚಕ್ರಗಳಿಗೆ ಪ್ರತಿ ಷೋಗೆ ಮೊದಲು ಎರಡು ಹನಿ ಬಿಡಬೇಕಿತ್ತು. ಬಿಟ್ಟರು. ಕೈಗೆ ಆ ಎರಡು ಹನಿ ರೂಢಿಯಾಯಿತು. ಮನೆಯಲ್ಲೂ ಅಷ್ಟೆ. ಬಾಗಿಲಿಗೆ, ಗೇಟಿಗೆ, ಕತ್ತರಿಗೆ, ಛತ್ರಿಯ ಕೀಲಿಗೆ, ಒಮ್ಮೆ ನನ್ನ ಗಂಡನ ಕನ್ನಡಕಕ್ಕೂ ಎರಡೆರಡು ಹನಿ ಬಿದ್ದಿದೆ. "ಈ ಮನೇಲಿ ಕಿರ್ ಅನ್ನೋದು ಅಂತ ಉಳಿದಿರೋದು ನಾನೊಬ್ಬಳೇ," ಅನ್ನುತ್ತಾರೆ ನಮ್ಮ ಅತ್ತೆ.

ನಾನು ಈ ಮನೆಗೆ ಬಂದ ಹೊಸದರಲ್ಲಿ ಟಾಕೀಸಿನ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದೆ. ಆರು ವರ್ಷ ಆ ಕಿಂಡಿಯೊಳಗೆ ಬಂದ ಕೈಗಳನ್ನು ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ. ತಲೆಯ ಮೇಲೆ ಕ್ಯಾಬಿನ್ನಿನಲ್ಲಿ ಯಂತ್ರ ಓಡುವ ಸದ್ದು ಕೇಳುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಧೈರ್ಯ ಮಾಡಿ, "ಮಾವ, ನಾನೂ ಆಪರೇಟರ್ ಕೆಲಸ ಕಲೀಬಹುದಾ?" ಅಂದೆ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪನೆದುರು ಅವರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಮಾವ ಮಾತ್ರ ಕೈ ತೊಳೆದವರೇ, "ನಾಳೆ ಬೇಗ ಬಾ. ಉಗುರು ಕತ್ತರಿಸಿಕೊಂಡು ಬಾ," ಅಂದರು.

ಕಲಿಸಿದರು, ಮನಸಿಟ್ಟು ಕಲಿಸಿದರು. ಎರಡು ವರ್ಷ ನನ್ನ ಮೇಲೆ ಒಂದು ದಿನವೂ ಕೂಗಾಡಲಿಲ್ಲ. ಹೊರಗಿನವರಿಗೆ, "ನನ್ನ ಸೊಸೆ. ಕೈ ಹಗುರ," ಅಂತ ಪರಿಚಯ ಮಾಡಿಕೊಡುವಾಗ ಅವರ ಮುಖ ನೋಡಬೇಕಿತ್ತು. ನನಗೆ ನನ್ನ ತಂದೆಗಿಂತ ಅವರ ಮೇಲೆ ಹೆಚ್ಚು ಅಕ್ಕರೆ ಹುಟ್ಟಿದ್ದು ಆಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರ ಮೇಲೆ ಹಲ್ಲು ಕಡಿಯುವುದು ಬಹಳ ಇದೆ.

ಈಗ ತಟ್ಟೆಯ ವಿಷಯ. ರೀಲು ಬದಲಿಸುವ ಕೆಲಸ ತಪ್ಪಲಿ ಅಂತ, ನಾನು ಕಲಿಯುತ್ತಿದ್ದಾಗಲೇ ಟಾಕೀಸಿಗೆ ಹೊಸದಾಗಿ ಬಂದದ್ದು ಇದು. ಒಂದರ ಮೇಲೊಂದು ಮೂರು ಲೋಹದ ತಟ್ಟೆಗಳು. ಒಂದೊಂದೂ ನಾನು ಕಾಲು ಮಡಚಿ ಮಲಗುವಷ್ಟು ಅಗಲ. ಸಿನಿಮಾದ ರೀಲುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಒಂದೇ ದೊಡ್ಡ ಸುರುಳಿ ಮಾಡಿ ಮೇಲಿನ ತಟ್ಟೆಯ ಮೇಲೆ ಮಲಗಿಸುತ್ತೇವೆ. ಫಿಲ್ಮು ಸುರುಳಿಯ ನಡುವಿನಿಂದ ಹೊರಟು, ರೋಲರುಗಳ ಮೇಲೆ ಹಾದು, ಪ್ರೊಜೆಕ್ಟರಿನೊಳಗೆ ಹೊಕ್ಕು ಹೊರಬಂದು, ಕೆಳಗಿನ ತಟ್ಟೆಯ ಮೇಲೆ ಸುತ್ತಿಕೊಳ್ಳುತ್ತದೆ. ತಟ್ಟೆಯ ಅಂಚಿಗೆ ಒತ್ತಿಕೊಂಡಿರುವ ಅಂಗೈಯಗಲದ ರಬ್ಬರ್ ಚಕ್ರವೊಂದು ಅದನ್ನು ತಿರುಗಿಸುತ್ತದೆ. ಪಕ್ಕದಲ್ಲೊಂದು ಪುಟ್ಟ ತೋಳು. ಫಿಲ್ಮು ಸಡಿಲವಾದರೆ ತೋಳು ಕೆಳಗಿಳಿಯುತ್ತದೆ, ಚಕ್ರ ಜೋರಾಗುತ್ತದೆ. ಬಿಗಿಯಾದರೆ ತೋಳು ಮೇಲೇರುತ್ತದೆ, ಚಕ್ರ ನಿಧಾನವಾಗುತ್ತದೆ. ಎಲ್ಲ ಸರಿಯಿದ್ದರೆ ಆಪರೇಟರು ಷೋ ಮುಗಿಯುವವರೆಗೆ ಕೈಕಟ್ಟಿಕೊಂಡು ನಿಂತಿರಬಹುದು.

ಎಲ್ಲ ಸರಿಯಿರಲಿಲ್ಲ. ನನ್ನ ಲೈಸೆನ್ಸಿನ ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ, ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ಕೆಳಗಿನ ತಟ್ಟೆ ಇದ್ದಕ್ಕಿದ್ದಂತೆ ಸೋಮಾರಿಯಾಯಿತು. ತೋಳು ಪೂರಾ ಕೆಳಗಿಳಿದು ಕೂತಿದೆ, ತಟ್ಟೆ ತಿರುಗುವುದು ಎಳೆದೆಳೆದು. ಪ್ರೊಜೆಕ್ಟರು ಮಾತ್ರ ತನ್ನ ಪಾಡಿಗೆ ಫಿಲ್ಮು ಕಕ್ಕುತ್ತಿದೆ. ನೋಡನೋಡುತ್ತಿದ್ದಂತೆ ಫಿಲ್ಮು ರಾಶಿ ರಾಶಿ ನೆಲಕ್ಕೆ ಬಿತ್ತು. ನಿಲ್ಲಿಸಿದೆ. ಕೆಳಗೆ ಜನ ಸಿಳ್ಳೆ ಹೊಡೆದರು, ಕುರ್ಚಿ ಬಡಿದರು. ಮ್ಯಾನೇಜರು ಮೆಟ್ಟಿಲು ಹತ್ತಿ ಬಂದು, ರಾಶಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿದರು.

ಮಾವ ತನಿಖೆ ಶುರು ಮಾಡಿದರು. ಎಂಥ ತನಿಖೆ! ಕರೆಂಟಿನ ಒತ್ತಡ ಅಳೆದರು, ಸರಿಯಿತ್ತು. ನೆಲಕ್ಕೆ ಮಟ್ಟದ ಗಾಜಿನ ಕೊಳವೆ ಇಟ್ಟು ನೋಡಿದರು, ಗುಳ್ಳೆ ನಟ್ಟ ನಡುವೆ ನಿಂತಿತ್ತು. ಫ್ಯಾನಿನ ಗಾಳಿಯನ್ನು ಅನುಮಾನಿಸಿ ಒಂದು ವಾರ ನಮ್ಮಿಬ್ಬರನ್ನೂ ಬೇಯಿಸಿದರು. ಗೋಡೆಯ ಹಲ್ಲಿಯನ್ನು ಅನುಮಾನಿಸಿದರು. ಫಿಲ್ಮು ಅಂಟಿಸಿದ ಜಾಗಗಳನ್ನೆಲ್ಲ ಬೆರಳಲ್ಲಿ ಸವರಿ ನೋಡಿದರು. ಸ್ಕ್ರೂಡ್ರೈವರು ಕಿವಿಗಿಟ್ಟುಕೊಂಡು ಮೋಟಾರಿನ ಎದೆ ಕೇಳಿದರು, ಅದು ಗಟ್ಟಿಮುಟ್ಟಾಗಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು ಅನ್ನುತ್ತಾರಲ್ಲ, ಮಾವ ಕಣ್ಣಿಗೆ ಬಿಟ್ಟು ಮಿಕ್ಕಿದ್ದನ್ನು ಯಂತ್ರಕ್ಕೂ ಬಿಟ್ಟರು. "ಯಾಕೋ ಒಣಗಿದ ಹಾಗಿದೆ," ಅಂತ ಎರಡು ಹನಿ ಮೂರಾಯಿತು. ಫಿಲ್ಮು ಎರಡನೆಯ ಸಲ ಬಿತ್ತು, ಮೂರನೆಯ ಸಲ ಬಿತ್ತು.

ಅವರಿಗೊಂದು ಸಿದ್ಧಾಂತವಿತ್ತು: ಯಂತ್ರ ತಪ್ಪು ಮಾಡುವುದಿಲ್ಲ, ಕೊನೆಗೆ ಮುಟ್ಟಿದವರದ್ದೇ ತಪ್ಪು. ಅದಕ್ಕಾಗಿ ಅವರೇ ಗೆರೆ ಹಾಕಿ ಒಂದು ರಿಜಿಸ್ಟರು ಮಾಡಿಟ್ಟಿದ್ದರು. ದಿನಾಂಕ, ಏನಾಯಿತು, ಕಾರಣ, ಯಾರ ತಪ್ಪು, ಪತ್ತೆ ಮಾಡಿದವರು. ಹಲ್ಲಿಯ ಹೆಸರು ಬರೆಯಲು ಬರುವುದಿಲ್ಲವಲ್ಲ. ಫಿಲ್ಮು ಏರಿಸುವವಳು ನಾನು. ಆದ್ದರಿಂದ 'ಕಾರಣ' ಎಂಬಲ್ಲಿ 'ಮನುಷ್ಯನ ತಪ್ಪು' ಅಂತ ಬರೆದು, ಪಕ್ಕದಲ್ಲಿ ದುಂಡಗೆ ನನ್ನ ಹೆಸರು ಬರೆದರು. ಬರೆಯುವಾಗ ಅವರಿಗೂ ನೋವಾಗುತ್ತಿತ್ತು, ಅದು ಕಾಣುತ್ತಿತ್ತು. ನೋವಾಗುತ್ತಿದ್ದರೂ ಅಕ್ಷರ ಮಾತ್ರ ಎಂದಿನಂತೆ ಮುತ್ತಿನ ಹಾಗೆ ಬೀಳುತ್ತಿತ್ತು.

"ಮಾವ, ನಾನು ಸರಿಯಾಗೇ ಏರಿಸಿದ್ದೆ. ನೀವೇ ನೋಡಿದ್ರಲ್ಲ," ಅಂದೆ.

"ನೋಡಿದೆ ಕಣಮ್ಮ. ಆದ್ರೆ ತಟ್ಟೆ ಸುಳ್ಳು ಹೇಳುತ್ತಾ?"

ಇದು ಬರೀ ಮಾನದ ಪ್ರಶ್ನೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಲೈಸೆನ್ಸು ಕೊಡುವ ಇನ್ಸ್‌ಪೆಕ್ಟರು ಒಂದು ಪೂರಾ ಷೋ ನೋಡುವುದಲ್ಲದೆ ರಿಜಿಸ್ಟರನ್ನೂ ನೋಡುತ್ತಾರೆ. ಕಲಿಯುವವರ ಹೆಸರಲ್ಲಿ ತಪ್ಪುಗಳು ಸಾಲಾಗಿ ನಿಂತಿದ್ದರೆ ಷೋ ಎಷ್ಟು ಚೆನ್ನಾಗಿ ನಡೆದರೂ ಸಹಿ ಬೀಳುವುದಿಲ್ಲ. ಮ್ಯಾನೇಜರು ಆಗಲೇ ಹೇಳಿಯೂ ಬಿಟ್ಟಿದ್ದರು: "ಈ ಸಲ ಆಗಲಿಲ್ಲ ಅಂದ್ರೆ ಕಿಂಡಿಗೇ ವಾಪಸ್ ಹೋಗಮ್ಮ. ಅಲ್ಲಿ ಏನೂ ಕೆಳಗೆ ಬೀಳಲ್ಲ." ಮತ್ತೆ ಆ ಕಿಂಡಿ, ಮತ್ತೆ ಆ ಕೈಗಳು.

ಹೀಗೆ ಆರು ಸಲ ಆದ ಮೇಲೆ ಮಾವನಿಗೆ ಒಂದು ಕಣ್ಣಿನ ಪೊರೆ ತೆಗೆದರು. ಒಂಬತ್ತು ದಿನ ಮೆಟ್ಟಿಲು ಹತ್ತಬಾರದು ಅಂತ ಕಟ್ಟಪ್ಪಣೆ. ಆ ಒಂಬತ್ತು ದಿನ ಕ್ಯಾಬಿನ್ನಿನಲ್ಲಿ ನಾನೊಬ್ಬಳೇ. ಮೊದಲ ದಿನ ತಟ್ಟೆ ಒಂದು ಸಲ ಸೋತಿತು, ಆದರೆ ಫಿಲ್ಮು ಬೀಳಲಿಲ್ಲ. ಎರಡನೆಯ ದಿನ ಸೋಲಲೂ ಇಲ್ಲ. ಆಮೇಲಂತೂ ತಟ್ಟೆ ಹೇಳಿದ ಮಾತು ಕೇಳುವ ಮಗುವಿನ ಹಾಗೆ ತಿರುಗಿತು. ನನ್ನ ಕೈಗುಣ ಅಂತ ಬೀಗಿದೆ. ಹತ್ತನೆಯ ದಿನ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದರು, ಡಬ್ಬಿ ಹಿಡಿದು ಒಂದು ಸುತ್ತು ಹಾಕಿದರು. ಅವತ್ತೇ ಮ್ಯಾಟಿನಿಯಲ್ಲಿ ಫಿಲ್ಮು ದಬದಬ ಬಿತ್ತು.

"ನೋಡಿದೆಯಾ?" ಅಂದರು ಮಾವ, ಬೇಸರದಿಂದ. "ಒಂಬತ್ತು ದಿನ ನಾನಿಲ್ಲ ಅಂದ್ರೆ ಯಂತ್ರ ಹೇಗಾಗಿದೆ!" ಏಳನೆಯ ಸಲ ನನ್ನ ಹೆಸರು ಬರೆದರು.

ನನ್ನ ತಲೆಗೆ ಹೊಳೆದದ್ದು ಆಗ. ಮಾವ ಚಹಾಕ್ಕೆ ಇಳಿದಾಗ ಚಕ್ರದ ಮುಚ್ಚಳ ತೆಗೆದು ಬೆರಳಿಟ್ಟೆ. ರಬ್ಬರಿನ ಅಂಚು ಜಿಡ್ಡು ಜಿಡ್ಡು. ಚಕ್ರದ ನಡುವಿನ ಕಂಬಿಗೆ ಅವರು ಬಿಡುತ್ತಿದ್ದ ಎಣ್ಣೆ, ಮೋಟಾರು ಬಿಸಿಯಾದ ಮೇಲೆ ನೀರಾಗಿ ಅಂಚಿಗೆ ಹರಿದು ಬರುತ್ತಿತ್ತು. ಷೋ ಶುರುವಿನಲ್ಲಿ ಕೆಳಗಿನ ತಟ್ಟೆ ಖಾಲಿ, ಹೇಗೋ ತಿರುಗುತ್ತದೆ. ಇಂಟರ್ವಲ್ ಕಳೆದು ಸುರುಳಿ ಭಾರವಾದ ಮೇಲೆ ಚಕ್ರ ಇದ್ದಲ್ಲೇ ಜಾರುತ್ತದೆ. ಮೇಜಿನ ಖಾನೆಯಲ್ಲಿ ತಟ್ಟೆಯ ಜೊತೆ ಬಂದ ಪುಸ್ತಕವಿತ್ತು. ಅದರಲ್ಲಿ ಆ ಚಕ್ರದ ಚಿತ್ರ, ಪಕ್ಕದಲ್ಲಿ ಎಣ್ಣೆ ಡಬ್ಬಿಯ ಚಿತ್ರ, ಡಬ್ಬಿಯ ಮೇಲೆ ಒಂದನ್ನೊಂದು ಕತ್ತರಿಸುವ ದಪ್ಪನೆಯ ಎರಡು ಗೆರೆ. ಭಾಷೆ ಬಾರದವರಿಗೂ ತಿಳಿಯುವ ಹಾಗಿತ್ತು.

ಮಾವ ಬಂದಾಗ ಪುಸ್ತಕ ತೆರೆದು, ಆದಷ್ಟೂ ಮೆತ್ತಗೆ, "ಇದೇನು ಮಾವ, ಈ ಚಿತ್ರ?" ಅಂದೆ.

ಅವರು ಒಳ್ಳೆಯ ಕಣ್ಣನ್ನು ಹತ್ತಿರ ತಂದು ನೋಡಿದರು. "ಅದಾ? ತಟ್ಟೆ ಬಂದ ದಿನವೇ ನೋಡಿದೀನಿ. ಗುರುತು ಹಾಕಿದಾರಲ್ಲ, ಇಲ್ಲೇ ಎಣ್ಣೆ ಹಾಕು ಅಂತ."

ನಾನು ಪುಸ್ತಕ ಮುಚ್ಚಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಬಿಡದೆ, "ಎಣ್ಣೆ ಸ್ವಲ್ಪ ಜಾಸ್ತಿ ಆಯ್ತೇನೋ ಮಾವ," ಅಂದೆ. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನೀನು ಹುಟ್ಟೋಕೆ ಮೊದಲೇ ಈ ಕೈ ಈ ಡಬ್ಬಿ ಹಿಡಿದಿತ್ತು," ಅಂದು ಕಿಟಕಿಯ ಕಡೆ ತಿರುಗಿಕೊಂಡರು. ಅವತ್ತು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಹೇಳಿಕೊಂಡೆ. ಅವರು ತರಕಾರಿ ಹೆಚ್ಚುತ್ತಲೇ ಕೇಳಿ, ಚೂರೂ ಆಶ್ಚರ್ಯಪಡದೆ ಹೇಳಿದರು: "ಮೂವತ್ತು ವರ್ಷದ ಹಿಂದೆ ನನ್ನ ಹೊಲಿಗೆ ಮೆಷಿನ್ನಿಗೂ ಹಿಂಗೇ ಮಾಡಿದ್ರು. ಬೆಲ್ಟಿಗೆ ಎಣ್ಣೆ ಇಳಿದು, ಎಷ್ಟು ತುಳಿದ್ರೂ ಚಕ್ರ ತಿರುಗ್ತಾ ಇರಲಿಲ್ಲ. ಮೂರು ತಿಂಗಳು ಮೇಲಿನ ಚಕ್ರಾನ ಕೈಯಲ್ಲೇ ತಿರುಗಿಸಿ ಹೊಲಿದೆ."

"ಹೇಳಲಿಲ್ವಾ ಅತ್ತೆ, ಮಾವನಿಗೆ?"

"ಹೇಳಿದ್ರೆ ಬೆಲ್ಟಿನ ತಪ್ಪು ಅಂತಿದ್ರು. ಸುಮ್ನೆ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿ, ಕೆಟ್ಟುಹೋಗಿದೆ ಅಂದುಬಿಟ್ಟೆ. ಈಗಲೂ ಅವರಿಲ್ಲದಾಗ ಹೊಲೀತೀನಿ."

ಮೂವತ್ತು ವರ್ಷ ಗಂಡನಿಗೆ ತಿಳಿಯದಂತೆ ಹೊಲಿಗೆ ಹೊಲಿದ ಹೆಂಗಸಿನ ಮುಂದೆ ನನ್ನ ಎರಡು ತಿಂಗಳು ಯಾವ ಲೆಕ್ಕ? ಆದರೆ ನನಗೆ ತಟ್ಟೆಯ ಮೇಲೆ ಬಟ್ಟೆ ಹೊದಿಸಿ ಬದುಕುವುದು ಸಾಧ್ಯವಿರಲಿಲ್ಲ. ಪರೀಕ್ಷೆಗೆ ಉಳಿದಿದ್ದದ್ದು ಮೂರು ದಿನ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಚಕ್ರ ಬಿಚ್ಚಿ, ಸ್ಪಿರಿಟ್ಟಿನಲ್ಲಿ ತಿಕ್ಕಿ, ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಬೆರಳಿಟ್ಟರೆ ಕಚ್ಚಿ ಹಿಡಿಯುತ್ತಿತ್ತು. ಫಿಲ್ಮು ಏರಿಸಿದೆ. ಮ್ಯಾಟಿನಿಯ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು. ಅವರನ್ನು ಎದುರುಗೊಳ್ಳಲು ಮೆಟ್ಟಿಲಿನವರೆಗೆ ಹೋಗಿ ಬಂದೆ, ಅಷ್ಟೇ. ವಾಪಸು ಬಂದಾಗ ಮಾವ ಎಣ್ಣೆ ಡಬ್ಬಿಯ ಮೂತಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ನನ್ನ ಮುಖ ನೋಡಿ, ಮೂರು ದಿನದ ಮುನಿಸನ್ನು ಬದಿಗಿಟ್ಟು, ಮೆಲ್ಲಗೆ ಹೇಳಿದರು: "ಹೆದರಬೇಡ. ಇವತ್ತು ನಿನ್ನ ದಿನ ಅಲ್ವಾ, ಅದಕ್ಕೆ ನಾಲ್ಕು ಹನಿ ಹಾಕಿದೀನಿ."

ಅಷ್ಟು ಅಕ್ಕರೆಯಿಂದ ನನ್ನ ಕತ್ತನ್ನು ಬೇರೆ ಯಾರೂ ಕೊಯ್ದಿರಲಾರರು. ಚಕ್ರ ಬಿಚ್ಚಲು ಸಮಯವಿರಲಿಲ್ಲ, ಮೂರನೆಯ ಗಂಟೆ ಬಾರಿಸಿ ಆಗಿತ್ತು. ಷೋ ಶುರು ಮಾಡಿದೆ. ಇಂಟರ್ವಲ್ಲಿನಲ್ಲಿ ಒರೆಸೋಣವೆಂದರೆ ಇನ್ಸ್‌ಪೆಕ್ಟರು ಆಗಲೇ ಪ್ರಶ್ನೆಗಳ ಹಾಳೆ ತೆಗೆದರು. ಬೆಂಕಿ ಹತ್ತಿದರೆ ಏನು ಮಾಡುತ್ತೀರಿ, ಫಿಲ್ಮು ಹರಿದರೆ ಏನು ಮಾಡುತ್ತೀರಿ. ಹತ್ತು ನಿಮಿಷವೂ ಅದರಲ್ಲೇ ಹೋಯಿತು. ಕೊನೆಯ ಪ್ರಶ್ನೆ, ಯಂತ್ರ ಕೆಡಲು ಮುಖ್ಯ ಕಾರಣವೇನು ಅಂತ. ನಾನು ಬಾಯಿ ತೆರೆಯುವ ಮೊದಲೇ ಮಾವ ಹಿಂದಿನಿಂದ, "ಮನುಷ್ಯ ಸಾರ್," ಅಂದರು. ಇನ್ಸ್‌ಪೆಕ್ಟರು ಮೆಚ್ಚಿ ಬರೆದುಕೊಂಡರು.

ಇಂಟರ್ವಲ್ ಕಳೆದು ಹದಿನೈದು ನಿಮಿಷ. ತೋಳು ಇಳಿಯತೊಡಗಿತು. ಕೆಳಗಿನ ತಟ್ಟೆ ಸೋತಿತು, ಫಿಲ್ಮು ಜೋತುಬಿದ್ದು ನೆಲಕ್ಕೆ ಒಂದು ಗೇಣು ಉಳಿಯಿತು. ಅತ್ತೆಯ ಹೊಲಿಗೆ ಮೆಷಿನ್ನು ಕಣ್ಣ ಮುಂದೆ ಬಂತು. ಅಂಗೈಯನ್ನು ತಟ್ಟೆಯ ಅಂಚಿಗೆ ಒತ್ತಿ ತಳ್ಳಿದೆ. ತಟ್ಟೆ ಹೊರಟಿತು, ತೋಳು ಮೇಲೇರಿತು. ಬಿಟ್ಟರೆ ಸೋಲುತ್ತದೆ, ತಳ್ಳಿದರೆ ಓಡುತ್ತದೆ. ಏಳೆಂಟು ಸೆಕೆಂಡಿಗೆ ಒಂದು ಸುತ್ತು. ಇನ್ನೂ ಐವತ್ತು ನಿಮಿಷದ ಸಿನಿಮಾ ಬಾಕಿ.

"ಇದೇನಮ್ಮ?" ಅಂದರು ಇನ್ಸ್‌ಪೆಕ್ಟರು.

"ಸುರುಳಿ ಭಾರ ಆದಾಗ ಕೈ ಆಸರೆ ಕೊಡಬೇಕು ಸಾರ್," ಅಂದೆ. ಬಾಯಿಗೆ ಬಂದದ್ದು ಅದು.

"ಓ," ಅಂದು ಅವರು ಫೈಲಿನಲ್ಲಿ ಏನೋ ಗೀಚಿಕೊಂಡರು. ಅವರು ಹಳೆಯ ಎರಡು ಪ್ರೊಜೆಕ್ಟರುಗಳ ಕಾಲದವರು ಅಂತ ಆಮೇಲೆ ಗೊತ್ತಾಯಿತು. ತಟ್ಟೆಗೆ ಕೈ ಆಸರೆ ಕೊಡುವ ಪದ್ಧತಿ ಬಹಳ ಶ್ಲಾಘನೀಯ, ಉಳಿದ ಟಾಕೀಸುಗಳೂ ಅನುಸರಿಸಬೇಕು ಅಂತ ಬರೆದಿದ್ದರಂತೆ. ಎಷ್ಟು ಜನ ಆಪರೇಟರುಗಳು ಈಗ ನನ್ನನ್ನು ಶಪಿಸುತ್ತಿದ್ದಾರೋ.

ಮಾವನಿಗೆ ಮಾತ್ರ ಅಂಥ ಪದ್ಧತಿ ಇಲ್ಲವೆಂದು ಗೊತ್ತು. ಅವರು ಬಂದು ನನ್ನ ಪಕ್ಕ ನಿಂತರು. ಸ್ಕ್ರೂಡ್ರೈವರು ತೆಗೆದು ಕೆಳಗಿನ ಚಕ್ರದ ಮುಚ್ಚಳಕ್ಕೆ ಒತ್ತಿ, ಬಗ್ಗಿ, ಕಣ್ಣು ಮುಚ್ಚಿ ಕೇಳಿದರು. ಇಷ್ಟು ದಿನ ಮೋಟಾರಿನ ಎದೆ ಕೇಳಿದ್ದರೇ ಹೊರತು ಚಕ್ರದ್ದು ಕೇಳಿರಲಿಲ್ಲ. ಅರ್ಧ ನಿಮಿಷ ಆಯಿತು. ಕಣ್ಣು ತೆರೆಯಲಿಲ್ಲ. ಆಮೇಲೆ ನಿಧಾನವಾಗಿ ಮುಚ್ಚಳದ ಸಂದಿಯಲ್ಲಿ ತೋರುಬೆರಳು ತೂರಿಸಿ, ಹೊರತೆಗೆದು, ಹೆಬ್ಬೆರಳಿಗೆ ತಿಕ್ಕಿ, ಮೂಗಿನ ಹತ್ತಿರ ಹಿಡಿದರು. ಆ ಎಣ್ಣೆಯ ವಾಸನೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಅವರ ಮುಖ ನೋಡಲಿಲ್ಲ, ತಟ್ಟೆ ತಳ್ಳುತ್ತಿದ್ದೆ. ಎರಡು ತಿಂಗಳು ಕಾದಿದ್ದ ಗಳಿಗೆ ಅದು, ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಂಕಟವಾಯಿತು. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ಹಗುರವಾದ ಹಾಗಾಯಿತು. ತಿರುಗಿ ನೋಡಿದರೆ, ಎದುರಿನ ಕಡೆ ನಿಂತು ಮಾವನೂ ತಳ್ಳುತ್ತಿದ್ದರು. ಸಿನಿಮಾ ಮುಗಿಯುವವರೆಗೆ ಇಬ್ಬರೂ ಸುತ್ತಿಸಿದೆವು. ಫಿಲ್ಮಿನ ಒಂದಿಂಚೂ ನೆಲ ಮುಟ್ಟಲಿಲ್ಲ.

ದೀಪ ಹಾಕಿದ ಮೇಲೆ ಇನ್ಸ್‌ಪೆಕ್ಟರು ರಿಜಿಸ್ಟರು ಕೇಳಿದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಅವರ ಹುಬ್ಬು ಗಂಟಾಯಿತು. "ಏಳು ಸಲ ಬಿದ್ದಿದೆ. ಏಳೂ ಇವರ ತಪ್ಪೇ ಅಂತ ನೀವೇ ಬರೆದಿದ್ದೀರಿ. ಹೀಗಿದ್ರೆ ನಾನು ಹೇಗೆ ಸಹಿ ಹಾಕ್ಲಿ?"

ಬಾಗಿಲ ಬಳಿ ನಿಂತಿದ್ದ ಮ್ಯಾನೇಜರು ಬೆಂಕಿಕಡ್ಡಿಯನ್ನು ಬಾಯಿಯ ಈ ಬದಿಯಿಂದ ಆ ಬದಿಗೆ ಸರಿಸಿದರು. ಎಣ್ಣೆ ಅನ್ನುವ ಎರಡು ಅಕ್ಷರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಲು ಮನಸ್ಸು ಬರಲಿಲ್ಲ, ಕಿಂಡಿಗೆ ವಾಪಸು ಹೋಗುವ ಭಯವಿದ್ದರೂ ಬರಲಿಲ್ಲ.

"ಕೊಡಿ ಇಲ್ಲಿ," ಅಂದರು ಮಾವ.

ಕೈ ಒರೆಸಿಕೊಂಡು ಪೆನ್ನು ತೆಗೆದರು. ಮೊದಲ ಸಾಲಿನಲ್ಲಿ 'ಮನುಷ್ಯನ ತಪ್ಪು' ಎಂಬುದನ್ನು ಹಾಗೇ ಬಿಟ್ಟರು, ಪಕ್ಕದಲ್ಲಿ 'ಎಣ್ಣೆ ಹೆಚ್ಚಾಗಿ' ಅಂತ ಸೇರಿಸಿದರು. ನನ್ನ ಹೆಸರಿಗೆ ಗೆರೆ ಎಳೆದು ಮೇಲೆ ತಮ್ಮ ಹೆಸರು ಬರೆದರು. ಎರಡನೆಯ ಸಾಲು. ಮೂರನೆಯದು. ಏಳು ಸಲ ಗೆರೆ, ಏಳು ಸಲ ಹೆಸರು. ಅಕ್ಷರ ಈ ಸಲ ಮುತ್ತಿನ ಹಾಗಿರಲಿಲ್ಲ, ಸೊಟ್ಟಂಬಟ್ಟ ಬಿದ್ದಿತ್ತು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅವರು ಅಷ್ಟು ದಿನ ಖಾಲಿ ಬಿಟ್ಟಿದ್ದ 'ಪತ್ತೆ ಮಾಡಿದವರು' ಎಂಬ ಜಾಗಕ್ಕೆ ಬಂದರು. ಒಂದು ಕ್ಷಣ ಪೆನ್ನು ಗಾಳಿಯಲ್ಲಿ ನಿಂತಿತು. ಅಲ್ಲೂ ಏಳು ಸಲ ತಮ್ಮ ಹೆಸರನ್ನೇ ಬರೆದರು. ತುಂಬಿದ ಕಣ್ಣು ಅಲ್ಲೇ ಒಣಗಿತು.

"ಪತ್ತೆ ಮಾಡಿದ್ದೂ ನೀವೇನಾ?" ಇನ್ಸ್‌ಪೆಕ್ಟರು ಬೆರಗಾದರು.

"ಮತ್ತಿನ್ಯಾರು ಸಾರ್? ಕಿವಿಯಲ್ಲೇ ಹಿಡಿದೆ."

ಇನ್ಸ್‌ಪೆಕ್ಟರು ನನ್ನ ಕಾಗದಕ್ಕೆ ಸಹಿ ಹಾಕಿ, ಮಾವನ ಕೈ ಕುಲುಕಿ ಇಳಿದು ಹೋದರು. ಮ್ಯಾನೇಜರೂ ಹೋದರು. ನಾನು ಹಲ್ಲು ಕಚ್ಚಿಕೊಂಡು ಚಕ್ರ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸತೊಡಗಿದೆ. ಬೆನ್ನ ಹಿಂದೆ ಪೆನ್ನಿನ ಸದ್ದು ಇನ್ನೂ ಕೇಳುತ್ತಿತ್ತು. ಅವರು ಅತ್ತ ಕೈ ತೊಳೆಯಲು ಹೋದಾಗ ಹೋಗಿ ನೋಡಿದೆ.

ಏನೂ ಕೆಡದ ದಿನ ಆ ರಿಜಿಸ್ಟರಿನಲ್ಲಿ ಯಾವತ್ತೂ ಏನೂ ಬರೆಯುತ್ತಿರಲಿಲ್ಲ. ಅವತ್ತು ಎಂಟನೆಯ ಸಾಲು ಬರೆದಿದ್ದರು. ಏನಾಯಿತು: ಫಿಲ್ಮು ಬೀಳಲಿಲ್ಲ. ಕಾರಣ: ಆಪರೇಟರ ಕೈ. 'ಯಾರ ತಪ್ಪು' ಎಂಬುದರಲ್ಲಿ 'ತಪ್ಪು' ಅನ್ನುವುದನ್ನು ಹೊಡೆದುಹಾಕಿ, ಕೆಳಗೆ ದುಂಡಗೆ ನನ್ನ ಹೆಸರು. ಪತ್ತೆ ಮಾಡಿದವರು ಎಂಬಲ್ಲಿ ಮತ್ತೆ ತಮ್ಮ ಹೆಸರನ್ನೇ ಬರೆದುಕೊಂಡಿದ್ದರು.